ಗುಂಡು ತೊಟ್ಟಿಗೆ ಹಿಡಿ ಉಪ್ಪು

ನೇತ್ರಾ ಎಂಟು ವರ್ಷಗಳಿಂದ ಒಬ್ಬ ಮನುಷ್ಯನನ್ನು ಮನಸ್ಸಿನಲ್ಲೇ ಹುರಿಯುತ್ತಿದ್ದಳು. ಬಾಗಲಕೋಟೆಯ ನವನಗರದಲ್ಲಿ ತನ್ನ ಅಂಗಡಿಯ ಶಟರ್ ಎತ್ತುವಾಗ, ಮೀನಿನ ತೊಟ್ಟಿಗಳ ಗಾಜು ಒರೆಸುವಾಗ, ರೊಟ್ಟಿ ಬಡಿಯುವಾಗ, ಹೀಗೆ ಕೈಗೆ ಕೆಲಸವಿದ್ದು ತಲೆಗೆ ಬಿಡುವಿದ್ದಾಗಲೆಲ್ಲ ಅವನು ಎದುರಿಗೆ ಬಂದು ನಿಲ್ಲುತ್ತಿದ್ದ. ಅವನ ಹೆಸರು ಸೋಮಲಿಂಗ. ಇಳಕಲ್‌ನಲ್ಲಿ ದೊಡ್ಡ ಸೀರೆ ಅಂಗಡಿ ಇಟ್ಟವನು.

ಅವನು ಮಾಡಿದ್ದು ಕೊಲೆಯಲ್ಲ, ಕಳ್ಳತನವಲ್ಲ. ಒಂದು ಮಾತು ಆಡಿದ್ದ, ಅಷ್ಟೇ. ಒಂದು ಮಾತಿಗೆ ಎಂಟು ವರ್ಷದ ಸಿಟ್ಟೇ ಎಂದು ಕೇಳುವವರಿದ್ದಾರೆ. ಕೇಳುವವರ ಮೇಲೆ ಅಂಥ ಮಾತು ಬಿದ್ದಿಲ್ಲ, ಅದಕ್ಕೇ ಕೇಳುತ್ತಾರೆ.

ಅವತ್ತು ನೇತ್ರಾಳ ಮನೆಯಲ್ಲಿ ಅವಳದೇ ನಿಶ್ಚಯ. ಹುನಗುಂದದವರು, ಕೆರೂರಿನವರು, ಎರಡೂ ಕಡೆಯ ಬೀಗರು ಜಮಖಾನದ ಮೇಲೆ ತುಂಬಿ ಕುಳಿತಿದ್ದರು. ಆಗಲೇ ಅವಳು ಮನೆಯ ಮುಂಭಾಗದಲ್ಲಿ ಬಣ್ಣದ ಮೀನುಗಳ ಸಣ್ಣ ಅಂಗಡಿ ಶುರು ಮಾಡಿದ್ದಳು. ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು, ಸಕ್ಕರೆಯ ತಟ್ಟೆ ಹಿಡಿದು ಹೊರಗೆ ಬಂದಳು. ಗಂಡಿನ ಕಡೆಯ ನೆಂಟನಾಗಿ ತಾಯಿಯ ಜೊತೆ ಬಂದಿದ್ದ ಸೋಮಲಿಂಗ ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡ.

"ಏನ್ರಿ, ಹುಡುಗಿ ಬಂದ ಕೂಡ್ಲೆ ಮೀನದ ವಾಸನಿ ಬಂತಲ್ರಿ! ನಮ್ಮದು ಲಿಂಗಾ ಕಟ್ಟಿದ ಮನಿ" ಅಂದ.

ಯಾರೋ ಒಬ್ಬರು ನಕ್ಕರು. ಆಮೇಲೆ ಸುಮಾರು ಎಲ್ಲರೂ ನಕ್ಕರು. ಗಂಡಿನ ಕಡೆಯವರು ಸಕ್ಕರೆ ಮುಟ್ಟದೆ ಎದ್ದು ಹೋದರು. ಸಾಕುವ ಮೀನಿಗೂ ಸಂತೆಯಲ್ಲಿ ಮಾರುವ ಮೀನಿಗೂ ವ್ಯತ್ಯಾಸ ತಿಳಿಯದ ಮೂಗು ಅದು. ಆದರೆ ಮೂಗು ಸುಳ್ಳು ಹೇಳಿದರೂ ಬಾಯಿ ಅದನ್ನು ಊರಿಗೆಲ್ಲ ಹಂಚುತ್ತದೆ. ಮಾತು ಬಸ್ಸು ಹತ್ತಿ ಹೋಯಿತು. ಅಮೀನಗಡದಲ್ಲಿ ಇಳಿದು ಕರದಂಟು ಕೊಳ್ಳುವವರ ಬಾಯಲ್ಲಿ ಸೇರಿತು, ಕೆರೂರಿನ ಸಂತೆಯಲ್ಲಿ ಚೌಕಾಸಿಯ ನಡುವೆ ಓಡಾಡಿತು. ಅವಳಿಗೆ 'ಮೀನದ ನೇತ್ರಾ' ಎಂಬ ಹೆಸರು ಅಂಟಿತು. ಮುಂದೆ ಬಂದ ಸಂಬಂಧದವರೆಲ್ಲ ಜಾತಕಕ್ಕಿಂತ ಮೊದಲು ವಾಸನೆಯ ವಿಚಾರ ಎತ್ತಿದರು. ಕೆಲವು ಕಾಲ ಅವಳು ನಿಂಬೆಹಣ್ಣು ಹಚ್ಚಿ ಹಚ್ಚಿ ಕೈಯ ಚರ್ಮ ಸುಲಿಯುವಂತೆ ತೊಳೆದುಕೊಂಡಳು. ಒಂದು ದಿನ ನಿಂಬೆಯನ್ನು ತಿಪ್ಪೆಗೆ ಎಸೆದು, ಹಟಕ್ಕೆ ಬಿದ್ದು ಅಂಗಡಿಯನ್ನು ದೊಡ್ಡದು ಮಾಡಿದಳು. ಈಗ ಬಾಗಲಕೋಟೆಯಲ್ಲಿ ಯಾರ ಮನೆಗೆ ತೊಟ್ಟಿ ಬೇಕಾದರೂ ಅವಳನ್ನೇ ಕರೆಯಬೇಕು.

ಈ ವರ್ಷ ಯುಗಾದಿ ಮುಗಿದ ಮೇಲೆ, ಬಿಳಿ ಕಾರೊಂದು ಅಂಗಡಿಯ ಮುಂದೆ ನಿಂತಿತು. ಇಳಿದವನು ಸೋಮಲಿಂಗ. ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು, ಕೂದಲು ಸ್ವಲ್ಪ ಹಿಂದೆ ಹೋಗಿತ್ತು. ನೇತ್ರಾಳ ಕೈಯಲ್ಲಿದ್ದ ಬಲೆ ಹಾಗೇ ನೀರಿನಲ್ಲಿ ನಿಂತಿತು. ಅವನು ಅವಳನ್ನು ನೋಡಿದ. ಕನ್ನಡಕ, ಕುರ್ತಾ, ಮೊಣಕೈವರೆಗೆ ರಬ್ಬರಿನ ಕೈಗವಸು ಹಾಕಿಕೊಂಡ ಒಬ್ಬ ಅಂಗಡಿಯವಳು ಕಂಡಳು ಅವನಿಗೆ, ಬೇರೇನೂ ಕಾಣಲಿಲ್ಲ.

"ಮೇಡಂ, ಇವು ಬೇಕ ನೋಡ್ರಿ" ಎಂದು ಫೋನು ಮುಂದೆ ಹಿಡಿದ. ದುಬೈಗೆ ಹೋದಾಗ ಯಾವುದೋ ಮಾಲಿನಲ್ಲಿ ತೆಗೆದ ವಿಡಿಯೋ. ನೀಲಿ ಬೆಳಕಿನ ನೀರಿನಲ್ಲಿ ಜೆಲ್ಲಿಫಿಶ್‌ಗಳು ಮುಚ್ಚುತ್ತ ಬಿಚ್ಚುತ್ತ ತೇಲುತ್ತಿದ್ದವು. "ಇಳಕಲ್‌ನಾಗ ಹೊಸ ಮನಿ ಕಟ್ಟಸೇನಿ. ಗುರುಪ್ರವೇಶದ ದಿನ ಬಾಗಲಾ ದಾಟಿ ಬಂದವ್ರಿಗೆ ಮೊದಲ ಇವು ಕಾಣಬೇಕು. ಇಡೀ ಜಿಲ್ಲಾದಾಗ ಇನ್ನೊಬ್ಬರ ಮನ್ಯಾಗ ಇರಬಾರದು."

ನೇತ್ರಾ ಅವನನ್ನು ಪರೀಕ್ಷಿಸಿದಳು. "ಮೀನದ ವಾಸನಿ ಬರ್ತೈತಿ ಅಂತ ಮನಿ ಮಂದಿ ಅಂದಾರ್ರಿ ಸರ."

"ಏ, ಇವೆಲ್ಲಿ ಮೀನ್ರಿ? ಇವು ಶೋಕಿ!" ಎಂದು ಅವನು ಮನಸಾರೆ ನಕ್ಕ.

ಆ ನಗುವಿನಲ್ಲಿ ಕಪಟವಿರಲಿಲ್ಲ, ಅಳುಕಿರಲಿಲ್ಲ. ಅವನು ಮರೆತೇಬಿಟ್ಟಿದ್ದ. ಅವಳು ಎಂಟು ವರ್ಷ ಹೊತ್ತ ಹೊರೆಯನ್ನು ಅವನು ಅವತ್ತೇ ರಸ್ತೆಯಲ್ಲಿ ಬಿಸಾಡಿ ಹೋಗಿದ್ದ. ನೇತ್ರಾಳಿಗೆ ಹಳೆಯ ಮಾತಿಗಿಂತ ಈ ಮರೆವೇ ಹೆಚ್ಚು ಉರಿಯಿತು. ಇವನಿಗೆ ನೆನಪು ಮಾಡಿಸಬೇಕು, ಅದೇ ಬೀಗರ ನಡುವೆ, ಅದೇ ನಗೆಯ ನಡುವೆ ಎಂದು ಅವಳು ಅಲ್ಲೇ ನಿರ್ಧಾರ ಮಾಡಿದಳು.

"ಮಾಡಿ ಕೊಡ್ತೇನಿ ಸರ" ಅಂದಳು.

ಕೆಟ್ಟ ತೊಟ್ಟಿ ಕಟ್ಟಿಕೊಡುವುದು ಅವಳಿಗೆ ಸುಲಭವಿತ್ತು. ಜೆಲ್ಲಿಫಿಶ್ ಇರುವ ನೀರಿಗೆ ಗಾಳಿಯ ಗುಳ್ಳೆ ಬಿಟ್ಟರೆ ಸಾಕು, ಗುಳ್ಳೆ ಅದರ ಕೊಡೆಯಂಥ ಮೈಯೊಳಗೆ ಸಿಕ್ಕಿಕೊಂಡು ಹರಿದುಹಾಕುತ್ತದೆ. ಮೂಲೆಗಳಿರುವ ತೊಟ್ಟಿ ಕೊಟ್ಟರೂ ಸಾಕು, ಮೂಲೆಗೆ ಬಿದ್ದು ತೇಲಲಾರದೆ ಸಾಯುತ್ತದೆ. ಆದರೆ ಹಾಗೆ ಮಾಡಿದರೆ ಅಂಗಡಿಯ ಹೆಸರು ಹಾಳಾಗುತ್ತದೆ, ಮತ್ತೆ ನಗುವುದು ಅವನೇ. ಆದ್ದರಿಂದ ಅವಳು ಅವನ ಹೊಸ ಮನೆಯಲ್ಲಿ ಆ ತೊಟ್ಟಿಯನ್ನು ಯಾರ ತೊಟ್ಟಿಯನ್ನೂ ಕಟ್ಟದಷ್ಟು ಚೆನ್ನಾಗಿ ಕಟ್ಟಿದಳು. ಎದುರಿನಿಂದ ನೋಡಿದರೆ ಹುಣ್ಣಿಮೆಯ ಚಂದ್ರನಂತೆ ಗುಂಡು, ಎಲ್ಲೂ ಮೂಲೆಯಿಲ್ಲ. ನೀರು ಗಾಣದ ಎತ್ತಿನಂತೆ ನಿಧಾನವಾಗಿ ಸುತ್ತಬೇಕು. ಜೋರಾದರೆ ಅವು ಗಾಜಿಗೆ ಬಡಿಯುತ್ತವೆ, ನಿಂತರೆ ತಳಕ್ಕೆ ಕೂರುತ್ತವೆ. ನಮ್ಮ ಕಡೆಯ ಬೇಸಿಗೆಗೆ ನೀರು ಅಂಬಲಿಯಂತೆ ಕಾಯುತ್ತದೆಂದು ತಂಪು ಮಾಡುವ ಯಂತ್ರವನ್ನೂ ಕೂರಿಸಿದಳು. ಶುದ್ಧ ನೀರಿಗೆ ಸಮುದ್ರದ ಉಪ್ಪಿನ ಮಿಶ್ರಣ ಕಲಸಿ, ಜೆಲ್ಲಿಫಿಶ್ ಬಿಡದೆ ಬರೀ ನೀರನ್ನು ವಾರಗಟ್ಟಲೆ ತಿರುಗಿಸಿದಳು. ನೀರು ಹದಕ್ಕೆ ಬರದೆ ಅವುಗಳನ್ನು ಒಳಗೆ ಬಿಡಬಾರದು.

ಸೋಮಲಿಂಗನಿಗೆ ಈ ಕಾಯುವಿಕೆ ಹಿಡಿಸಲಿಲ್ಲ. "ಬರೇ ನೀರ ತಿರಗೂದ ನೋಡಾಕ ಮಂದಿ ಬರ್ತಾರೇನ್ರಿ?" ಎಂದು ಗೊಣಗುತ್ತಿದ್ದ.

"ನಾ ಹೇಳಿದ್ದ ಬಿಟ್ಟು ಹೊರಗಿಂದು ಒಂದ ಕಾಳು ಸೈತ ಇದರಾಗ ಬೀಳಬಾರದ್ರಿ ಸರ. ಮನಿ ಮಂದಿಗೆಲ್ಲಾ ಹೇಳಿ ಇಡ್ರಿ" ಎಂದು ಅವಳು ಅವನಿಗೆ ಸ್ಪಷ್ಟವಾಗಿ ಹೇಳಿದಳು. ಅವನು ಫೋನಿನಲ್ಲಿ ಯಾರದೋ ಜೊತೆ ಮಾತಾಡುತ್ತ ತಲೆಯಾಡಿಸಿದ. ಯಾರಿಗೂ ಹೇಳುವುದಿಲ್ಲವೆಂದು ಅವಳಿಗೆ ಗೊತ್ತಾಯಿತು. ಒಳಗೊಳಗೇ ಖುಷಿಯಾಯಿತು, ಏಕೆಂದು ಆಗ ತಿಳಿಯಲಿಲ್ಲ.

ಜೆಲ್ಲಿಫಿಶ್‌ಗಳು ಚೆನ್ನೈನಿಂದ ವಿಮಾನದಲ್ಲಿ ಹುಬ್ಬಳ್ಳಿಗೆ ಬಂದವು. ಅವಳೇ ವ್ಯಾನು ಓಡಿಸಿಕೊಂಡು ಹೋಗಿ, ಮಂಜುಗಡ್ಡೆಯ ಡಬ್ಬಿಯಲ್ಲಿ ಕೂಸಿನಂತೆ ತಂದು, ಕೆರೂರು ಅಮೀನಗಡ ದಾಟಿ ಇಳಕಲ್‌ಗೆ ಮುಟ್ಟಿಸಿದಳು. ಚೀಲಗಳನ್ನು ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟು, ಒಂದೊಂದೇ ಬಟ್ಟಲು ನೀರು ಸೇರಿಸುತ್ತ ಕುಳಿತಳು. ಆ ಹೊತ್ತಿನಲ್ಲಿ ಅವಳ ಪಕ್ಕದಲ್ಲಿ ಒಂದು ಮಣೆ ಹಾಕಿಕೊಂಡು ಕುಳಿತವಳು ಸಿದ್ದಲಿಂಗವ್ವ, ಸೋಮಲಿಂಗನ ತಾಯಿ. ಹಳೆಯ ಮನೆ ಪಕ್ಕದಲ್ಲೇ ಇದ್ದುದರಿಂದ, ಹೊಸ ಮನೆಯ ಗುರುಪ್ರವೇಶಕ್ಕೆ ಮೊದಲೇ ಮನೆಯವರೆಲ್ಲ ಇಲ್ಲಿ ಓಡಾಡಿಕೊಂಡಿದ್ದರು.

ನಿಶ್ಚಯದ ದಿನ ಈ ಮುದುಕಿ ಅಲ್ಲೇ ಇದ್ದಳು. ನಕ್ಕಿರಲಿಲ್ಲ; ಮಗನಿಗೆ ಒಂದು ಮಾತು ಅಂದಿರಲೂ ಇಲ್ಲ. ಈಗ ಅವಳಿಗೂ ನೇತ್ರಾಳ ಗುರುತು ಸಿಕ್ಕಿರಲಿಲ್ಲ. ಆದರೆ ಆ ಮನೆಯಲ್ಲಿ ಚಹಾ ತಂದುಕೊಟ್ಟವಳು, ಊಟ ಆಯಿತೇ ಎಂದು ಕೇಳಿದವಳು ಅವಳೊಬ್ಬಳೇ.

"ತಂಗಿ, ಇವಕ್ಕ ತಲಿ ಎಲ್ಲೈತಿ?"

"ತಲಿ ಇಲ್ಲರಿ ಅಮ್ಮಾರ. ಮಿದುಳಿಲ್ಲ, ಎಲುಬಿಲ್ಲ, ರಕ್ತಾನೂ ಇಲ್ಲ."

"ಹಂಗಂದ್ರ ನಮ್ಮ ಬೀಗರಾಗೂ ಅದಾವ ಬಿಡು" ಎಂದು ಸಿದ್ದಲಿಂಗವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನೇತ್ರಾಳಿಗೂ ನಗು ಬಂತು. ಬಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಚೀಲ ಬಿಚ್ಚಿದಾಗ ಅವು ಒಂದೊಂದಾಗಿ ಹೊರಬಂದು ನೀರಿನ ಸುತ್ತಿಗೆ ಸೇರಿಕೊಂಡವು. ನೀಲಿ ದೀಪ ಹಚ್ಚಿದರೆ ಹಾಲು ಬೆಳಕಿನ ಕೊಡೆಗಳು ಉಸಿರಾಡಿದಂತೆ ಕಂಡಿತು. ಅಕ್ಕಪಕ್ಕದ ಮನೆಯವರು, ಮಗ್ಗದ ಓಣಿಯ ಹೆಂಗಸರು ಬಂದು ಬಾಯಿ ತೆರೆದು ನಿಂತರು. "ಅಯ್ಯಯ್ಯ, ಎಷ್ಟ ಚಂದ ಅದಾವಬೇ!" ಎಂದು ಒಬ್ಬೊಬ್ಬರೂ ಅಂದರು. ಅವರು ಹೋದದ್ದೇ ತಡ, ಸಿದ್ದಲಿಂಗವ್ವ ಒಳಗೆ ಹೋಗಿ ಹಿಡಿ ಉಪ್ಪು ತಂದಳು. ತೊಟ್ಟಿಯ ಮುಂದೆ ನಿಂತು ಮೂರು ಸುತ್ತು ಕೈ ತಿರುಗಿಸಿದಳು.

"ನಾಯಿ ಕಣ್ಣ, ನರಿ ಕಣ್ಣ, ಹೋದವ್ರ ಕಣ್ಣ, ಬಂದವ್ರ ಕಣ್ಣ, ಎಲ್ಲಾ ಕರಗಿ ಹೋಗಲಿ."

ದೃಷ್ಟಿ ತೆಗೆದ ಉಪ್ಪನ್ನು ಕೆಲವರು ಒಲೆಗೆ ಹಾಕುತ್ತಾರೆ. ಈ ಮನೆಯವರು ನೀರಿಗೆ ಹಾಕುವವರು; ಉಪ್ಪು ಕರಗಿದಂತೆ ದೃಷ್ಟಿ ಕರಗಬೇಕೆಂಬ ಲೆಕ್ಕ. ಮುದುಕಿ ಮುಷ್ಟಿ ಬಿಗಿಹಿಡಿದು ಅತ್ತಿತ್ತ ನೋಡಿದಳು. ಕೊಡ ತರಲು ಹಿತ್ತಲಿಗೆ ಹೋಗಬೇಕಿತ್ತು, ಮೊಣಕಾಲು ನೋಯುತ್ತಿದ್ದವು.

"ತಂಗಿ, ಇದರಾಗ ಹಾಕ್ಲೇನು? ಹೆಂಗೂ ಉಪ್ಪಿನ ನೀರಂತ ನೀನ ಅಂದ್ಯಲ್ಲ."

ತೊಟ್ಟಿಯ ದಂಧೆಯವರನ್ನು ನಿದ್ದೆಯಲ್ಲಿ ಎಬ್ಬಿಸಿ ಈ ಪ್ರಶ್ನೆ ಕೇಳಿದರೂ ಬೇಡ ಎಂದು ಕೂಗುತ್ತಾರೆ. ಅಡುಗೆಯ ಉಪ್ಪು ಬೇರೆ, ಸಮುದ್ರದ ಮಿಶ್ರಣ ಬೇರೆ. ಅಡುಗೆಯ ಉಪ್ಪಿಗೆ ಅಯೋಡಿನ್ ಬೆರೆಸಿರುತ್ತಾರೆ, ಗಂಟು ಕಟ್ಟದಿರಲು ಇನ್ನೇನೋ ಸೇರಿಸಿರುತ್ತಾರೆ. ಒಂದು ಹಿಡಿ ಬಿದ್ದರೆ ಅವು ಸೊರಗುತ್ತವೆ. ದಿನಾ ಬಿದ್ದರೆ ನೀರಿನ ಹದವೇ ಕೆಟ್ಟು ಕರಗಿ ಚೂರಾಗುತ್ತವೆ. ನೇತ್ರಾಳ ನಾಲಿಗೆಯ ತುದಿಗೆ 'ಬ್ಯಾಡ್ರಿ' ಬಂದಿತ್ತು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಸೋಮಲಿಂಗ ಯಾರಿಗೋ ಫೋನಿನಲ್ಲಿ ಹೇಳುತ್ತ ಗಹಗಹಿಸಿ ನಕ್ಕದ್ದು ಕೇಳಿಸಿತು. ಅದೇ ನಗು.

"ಹಾಕ್ರಿ ಅಮ್ಮಾರ" ಅಂದಳು ನೇತ್ರಾ. "ಉಪ್ಪಿಗೆ ಉಪ್ಪು ಏನ ಮಾಡ್ತೈತಿ? ದಿನಾ ತೆಗೀರಿ. ಭಾಳ ಮಂದಿ ಕಣ್ಣ ಬೀಳ್ತಾವ ಇವಕ್ಕ."

ಸಿದ್ದಲಿಂಗವ್ವ ಮುಷ್ಟಿ ಬಿಚ್ಚಿದಳು.

ವಾಪಸು ಬರುವಾಗ ನೇತ್ರಾ ಅಮೀನಗಡದಲ್ಲಿ ವ್ಯಾನು ನಿಲ್ಲಿಸಿ ಒಂದು ಡಬ್ಬಿ ಕರದಂಟು ಕೊಂಡು, ಸ್ಟೀರಿಂಗಿನ ಮುಂದೆ ಕುಳಿತೇ ಅರ್ಧ ಖಾಲಿ ಮಾಡಿದಳು. ನಿಶ್ಚಯವಾದ ಮನೆಯವರು ಸಿಹಿ ತಿನ್ನುತ್ತಾರಲ್ಲ, ಹಾಗೆ. ತಾನು ಏನೂ ಮಾಡಿಲ್ಲ, ಅವರ ಮನೆಯವರೇ ಅವರ ಮನೆಯ ಉಪ್ಪನ್ನು ಹಾಕಿದ್ದಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಹಿರಿಯರು ಸುಮ್ಮನೆ ಅಂದಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಕೆಲವು ದಿನ ಬಿಟ್ಟು ಸಿದ್ದಲಿಂಗವ್ವನ ಫೋನು ಬಂತು. "ತಂಗಿ, ಯಾಕೋ ಸಣ್ಣಾಗ್ಯಾವ ಅನಸ್ತೈತಿ. ಮೊದಲಿನಂಗ ಅಗಲ ಬಿಚ್ಚವಲ್ವು. ಮಂದಿ ಭಾಳ ಬರಾಕತ್ತಾರ, ಅವ್ರ ದೃಷ್ಟಿ ಹತ್ತೇತಿ. ನಾ ಮುಂಜಾನಿ ಒಮ್ಮೆ, ಸಂಜೀಗೊಮ್ಮೆ ತೆಗೀತೇನಿ."

ಇನ್ನೂ ಕಾಲ ಮಿಂಚಿರಲಿಲ್ಲ. ನೀರು ಬದಲಿಸಿದ್ದರೆ ಉಳಿಯುತ್ತಿದ್ದವೋ ಏನೋ. ನೇತ್ರಾಳ ಎದೆ ಒಂದು ಸಲ ಹೊಡೆದುಕೊಂಡಿತು, ಮರುಕ್ಷಣ ಕಲ್ಲಾಯಿತು.

"ಹೊಸಾ ಜಾಗಾ ಅಲ್ರಿ, ಒಗ್ಗಬೇಕು. ನೀವು ತೆಗೆಯೂದು ಬಿಡಬ್ಯಾಡ್ರಿ" ಅಂದಳು.

ಗುರುಪ್ರವೇಶದ ದಿನ ಅವಳು ಪೆಟ್ಟಿಗೆಯ ತಳದಿಂದ ಇಳಕಲ್ ಸೀರೆ ತೆಗೆದು ಉಟ್ಟು, ಕರವಸ್ತ್ರವೊಂದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಮಠದ ಸ್ವಾಮಿಗಳು ಬಂದು ಪಾದಪೂಜೆ ಮುಗಿದು ಹೋಗಿದ್ದರು. ಹಿತ್ತಲಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ಹಾಲ್‌ನಲ್ಲಿ ಅದೇ ಹುನಗುಂದದವರು, ಅದೇ ಕೆರೂರಿನವರು. ಸೋಮಲಿಂಗ ಹಿಂದಿನ ದಿನವೇ, ಗಡಿಬಿಡಿಯಲ್ಲಿ ಒಳಗೆ ಸರಿಯಾಗಿ ನೋಡದೆ, ತೊಟ್ಟಿಯ ಮೇಲೆ ತನ್ನ ಅಂಗಡಿಯ ಅತಿ ದುಬಾರಿ ಸೀರೆಯನ್ನು ಹೊದಿಸಿ ಮುಚ್ಚಿಟ್ಟಿದ್ದ. ಎಲ್ಲರೂ ಸೇರಿದ ಮೇಲೆ ಮುಸುಕು ತೆಗೆಯುವುದು ಅವನ ಆಸೆ. ಊದುಬತ್ತಿಯ ಹೊಗೆಯ ನಡುವೆ ಒಂದು ಬೇರೆ ವಾಸನೆ ಆಗಲೇ ಸುಳಿಯುತ್ತಿತ್ತು. ನೇತ್ರಾಳ ಹೊರತು ಯಾರೂ ಅದರ ಜಾಡು ಹಿಡಿದಿರಲಿಲ್ಲ.

"ನೋಡ್ರಿ ಎಲ್ಲಾರೂ! ಸಮುದ್ರಾನ ಇಳಕಲ್‌ಗೆ ತಂದೇನಿ" ಎಂದು ಸೋಮಲಿಂಗ ಸೀರೆ ಎಳೆದ.

ನೀರು ಗಂಜಿಯಂತೆ ಬೆಳ್ಳಗಾಗಿತ್ತು. ಹರಿದ ಬಟ್ಟೆಯ ಚಿಂದಿಗಳಂಥವು ಸುತ್ತುತ್ತಿದ್ದವು. ತಳದಲ್ಲಿ ಕರಗದ ಉಪ್ಪು ಕೂತಿತ್ತು. ಸೀರೆಯ ಮುಚ್ಚಳ ಹೋದದ್ದೇ, ಒಳಗೆ ಕಟ್ಟಿಕೊಂಡಿದ್ದ ನಾತ ಇಡೀ ಹಾಲ್ ತುಂಬ ಹರಡಿತು. ಕುಳಿತವರು ಎದ್ದರು. ಒಂದು ಮಗು ವಾಂತಿ ಮಾಡಿತು.

ನೇತ್ರಾ ನಡುಮನೆಗೆ ಬಂದು ನಿಂತು, ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಗಂಟಲು ತೆರೆದು ಹೇಳಿದಳು. "ಏನ್ರಿ ಸಾಹುಕಾರ್ರ, ಮೀನದ ವಾಸನಿ ಬಂತಲ್ರಿ! ನಿಮ್ಮದು ಲಿಂಗಾ ಕಟ್ಟಿದ ಮನಿ ಅಲ್ಲೇನ್ರಿ?"

ಒಬ್ಬರು ಕಿಸಕ್ಕನೆ ನಕ್ಕರು. ಆಮೇಲೆ ಹಲವರು ನಕ್ಕರು. ಆ ನಗು ಅವಳ ಕಿವಿಗೆ ಜೇನಿನಂತೆ ಇಳಿಯಿತು. ಸೋಮಲಿಂಗನ ಮುಖ ಕೆಂಪಾಯಿತು, ಕಿವಿ ಕೆಂಪಾಯಿತು. ಎಂಟು ವರ್ಷದ ಬೆಂಕಿಗೆ ಒಂದು ಗಳಿಗೆ ತಂಪಾಯಿತು, ನಿಜ ಹೇಳಬೇಕೆಂದರೆ ಅದು ಬಹಳ ರುಚಿಯಾಗಿತ್ತು.

ಆದರೆ ಸೋಮಲಿಂಗ ಅವಳ ಕಡೆ ತಿರುಗಲೇ ಇಲ್ಲ. ತಳದ ಉಪ್ಪನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಅತ್ತಿಯಾರ ದಿನಾ ಉಪ್ಪ ಹಾಕತಿದ್ರು. ದೃಷ್ಟಿ ತೆಗೆಯೂದಂತ" ಅಂದಳು ಹೆಂಡತಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವನು ತಾಯಿಯ ಮೇಲೆ ಬಿದ್ದ. "ನಿನಗ ಬುದ್ಧಿ ಐತೇನ? ಇಷ್ಟ ಮಂದಿ ಮುಂದ ನನ್ನ ಮಾನಾ ತೆಗದಿ! ನಿನ್ನ ಕೈ ಹತ್ತಿದ್ದೆಲ್ಲಾ ಹಾಳ. ಇನ್ನ ಮ್ಯಾಲೆ ಹಾಲ್‌ನಾಗ ಕಾಲಿಡಬ್ಯಾಡ, ಹಿತ್ತಲ ಕೋಲಿಯಾಗ ಬಿದ್ದಿರು!"

ಸಿದ್ದಲಿಂಗವ್ವ ಗೋಡೆಗೆ ಆನಿಕೊಂಡು ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಒಂದೇ ಒಂದು ಸಲ ಕಣ್ಣೆತ್ತಿ ನೇತ್ರಾಳನ್ನು ನೋಡಿದಳು. 'ಈಕೀನ ಹಾಕ್ರಿ ಅಂದ್ಳು' ಎಂಬ ಮೂರು ಶಬ್ದ ಆಡಿದ್ದರೆ ಅವಳು ಬಚಾವಾಗುತ್ತಿದ್ದಳು. ಆಡಲಿಲ್ಲ, ಕಣ್ಣು ಕೆಳಗೆ ಹಾಕಿದಳು.

"ಉಪ್ಪಿನ ಸಿದ್ದವ್ವ ಅಂತ ಹೆಸರಿಡ್ರಿ ಇನ್ನ!" ಎಂದು ಕೆರೂರಿನ ಒಬ್ಬಾತ ಹಿಂದಿನಿಂದ ಅಂದ. ಮತ್ತೆ ನಗು ಎದ್ದಿತು. ಈ ಸಲದ್ದು ನೇತ್ರಾಳ ಕಿವಿಗೆ ಜೇನಾಗಿ ಇಳಿಯಲಿಲ್ಲ. ಇಂಥ ಹೆಸರು ಹುಟ್ಟುವುದು ಹೇಗೆಂದು, ಎಷ್ಟು ದೂರ ನಡೆಯುತ್ತದೆಂದು, ಅದನ್ನು ಹೊತ್ತವರು ಎಷ್ಟು ನಿಂಬೆಹಣ್ಣು ತಿಕ್ಕಿದರೂ ಹೋಗುವುದಿಲ್ಲವೆಂದು ಆ ಹಾಲ್‌ನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

"ನಾ ಹೇಳೀನಿ, ಹಾಕ್ರಿ ಅಂತ!" ಎಂದು ಚೀರಿದಳು. "ಅವ್ರ ಕೇಳಿದ್ರು, ಹಾಕ್ಲೇನು ಅಂತ. ನಾನ ದಿನಾ ಹಾಕ್ರಿ ಅಂದೆ. ಸಾಯ್ತಾವಂತ ಗೊತ್ತಿದ್ದ ಅಂದೆ. ಬೈಯೂದಿದ್ರ ನನಗ ಬೈ, ಸೋಮಲಿಂಗ. ನಾ ನೇತ್ರಾ. ಎಂಟ ವರ್ಷದ ಹಿಂದ ನವನಗರದಾಗ ನನ್ನ ನಿಶ್ಚಯದಾಗ ಮೂಗಿಗೆ ಅರಬಿ ಹಿಡದ್ಯಲ್ಲ, ಆ ನೇತ್ರಾ!"

ಸೋಮಲಿಂಗ ಹುಬ್ಬು ಗಂಟಿಕ್ಕಿ ಅವಳನ್ನು ನೋಡಿದ. ನಿಜವಾಗಿಯೂ ನೆನಪು ಮಾಡಿಕೊಳ್ಳಲು ಒದ್ದಾಡುತ್ತಿದ್ದ.

"ಯಾವ ನೇತ್ರಾ?"

"ಅಕೀನ ಅಲ್ಲೇನೋ, ಮೀನದ ನೇತ್ರಾ" ಎಂದು ಅವನ ಹುನಗುಂದದ ಚಿಕ್ಕಮ್ಮ ಜ್ಞಾಪಿಸಿದಳು.

"ಹೌದೇನು? ನಾ ಹಂಗ ಅಂದಿದ್ನೇನು?" ಎಂದು ಅವನು ತಲೆ ಕೆರೆದುಕೊಂಡು ನಕ್ಕೇಬಿಟ್ಟ. "ಚಾಷ್ಟಿ ಮಾಡಿರಬೇಕ ಬಿಡ್ರಿ. ಅದನ್ನ ಹಿಡಕೊಂಡ ಇಷ್ಟ ದಿನಾ ಕುಂತೀರೇನ್ರಿ, ಹುಚ್ಚವ್ವ! ಏ, ಕಿಡಕಿ ತೆಗೀರೋ. ಎಲ್ಲಾರೂ ಅಂಗಳಕ್ಕ ನಡೀರಿ, ಹುಗ್ಗಿ ಆರ್ತೈತಿ."

ಮಂದಿ ಅಂಗಳಕ್ಕೆ ನಡೆದರು. ಹೋಗುತ್ತ ನೇತ್ರಾಳನ್ನು ನೋಡಿ ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ಎಂಟು ವರ್ಷ ಕಾದ ಮಾತು ಹುಗ್ಗಿ ಬಡಿಸುವವರೆಗೂ ಬಾಳಲಿಲ್ಲ. ಅವಳಿಗೆ ಆ ತೊಟ್ಟಿಯನ್ನು ಎತ್ತಿ ಅವನ ತಲೆಯ ಮೇಲೆ ಕವುಚಬೇಕೆನ್ನಿಸಿತು. ಏನೂ ಮಾಡದೆ ಹಿತ್ತಲಿಗೆ ಹೋದಳು.

ಸಿದ್ದಲಿಂಗವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು. ನೇತ್ರಾ ಎದುರಿಗೆ ನಿಂತಳು. ಕ್ಷಮಿಸಿರಿ ಎಂಬ ಶಬ್ದ ಬರಲಿಲ್ಲ. ಇನ್ನೂ ಅಷ್ಟು ಸಿಟ್ಟಿತ್ತು.

"ನನ್ನ ಹೆಸರ ಯಾಕ ಹೇಳ್ಲಿಲ್ಲರಿ ಅಮ್ಮಾರ?"

"ಮನಿಗೆ ಬಂದ ಹೆಣ್ಣಮಗಳು. ಮಂದ್ಯಾಗ ನಿಲ್ಲಸಬಾರದಂತ ಸುಮ್ಮನಾದೆ" ಅಂದಳು ಮುದುಕಿ. ಆಮೇಲೆ ಅವಳ ಮುಖವನ್ನೇ ದಿಟ್ಟಿಸಿದಳು. "ಅವತ್ತ ನಿಮ್ಮ ಮನ್ಯಾಗ ಅವ ಹಂಗ ಅಂದಾಗ ನಾ ಬಾಯಿ ಮುಚಕೊಂಡ ಕುಂತಿದ್ದೆ. ಅದು ನನ್ನ ತಪ್ಪ. ಅದಕ್ಕ ನನಗ ಇದು ಆಗಬೇಕಿತ್ತಂದ್ರ, ಆಗಲಿ. ಸೇಡ ತೀರಸಬ್ಯಾಡಂತ ನಾ ಅನ್ನೂದಿಲ್ಲವ್ವ. ಆದ್ರ ಅಲ್ಲಿ ನೋಡು."

ಅಂಗಳದಲ್ಲಿ ಸೋಮಲಿಂಗ ಪಂಕ್ತಿಯ ನಡುವೆ ನಿಂತು ಫೋನು ಕಿವಿಗಿಟ್ಟುಕೊಂಡಿದ್ದ. ಹುಬ್ಬಳ್ಳಿಯ ಯಾವುದೋ ಅಂಗಡಿಯವನಿಗೆ ಹೊಸ ಜೆಲ್ಲಿಫಿಶ್ ತರಿಸಲು ಹೇಳುತ್ತ, ಇನ್ನೊಂದು ಕೈಯಿಂದ ಬೀಗರ ಎಲೆಗೆ ತುಪ್ಪ ಸುರಿಯುತ್ತಿದ್ದ.

"ನನ್ನ ಮೂಲಿಗೆ ತಳ್ಳಿದ್ರು. ಆ ಮೂಕ ಜೀವ ಸತ್ವು. ನಿನ್ನ ಹಳೇ ಹೆಸರು ಮತ್ತ ಹೊಸಾದಾತು" ಅಂದಳು ಸಿದ್ದಲಿಂಗವ್ವ. "ಅವನಿಗೇನ ಆತವ್ವ, ಹೇಳು?"

ಅಂಗಳದಿಂದ ಅವನ ನಗು ಕೇಳಿಬರುತ್ತಿತ್ತು. ನೇತ್ರಾ ಮುದುಕಿಯ ಪಕ್ಕದಲ್ಲಿ ಕಲ್ಲಿನ ಮೇಲೆ ಕುಳಿತಳು.